ಎಣಿಕೆಗೆ ಬಂದವರು

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ದಯವಿಟ್ಟು ಕ್ಷಮಿಸಿ. ಹಗಲು ಹಿಟ್ಟಿನ ಗಿರಣಿಯಲ್ಲಿ ದುಡಿದು, ಸಂಜೆ ಪ್ರಾಥಮಿಕ ಶಾಲೆಯ ಪುಟ್ಟ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂತು ಕಂಪ್ಯೂಟರ್ ಕಲಿತವನು ನಾನು. ಕಥೆ ಹೇಳುವುದನ್ನು ಅಲ್ಲಿ ಯಾರೂ ಕಲಿಸಲಿಲ್ಲ. ಚೆನ್ನಾಗಿ ಬರೆಯಬಲ್ಲವರು ನಮ್ಮ ಊರಿನಲ್ಲಿದ್ದಾರೆ, ಆದರೆ ಅವರು ಇದನ್ನು ಬರೆಯುವುದಿಲ್ಲ. ಏಕೆಂದರೆ ಇದು ನಮ್ಮ ಮನೆಯೊಳಗಿನ ಸಂಗತಿ. ಇಂಥದ್ದನ್ನು ಬಾಯಿಬಿಟ್ಟು ಆಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಎಲ್ಲಾದರೂ ತಪ್ಪು ಕಂಡರೆ ಅದು ನನ್ನದು, ಕಲಿಸಿದ ಮೇಷ್ಟರದ್ದಲ್ಲ.

ನಮ್ಮದು ಚಳಿಯ ಊರು. ಬಿಸಿಲು ಬಂದರೂ ಅದು ನೋಡುವುದಕ್ಕೆ ಮಾತ್ರ. ಹೆಚ್ಚುಕಡಿಮೆ ಪ್ರತಿ ಮನೆಯ ನಡುಮನೆಯಲ್ಲೂ ಒಂದು ಪೆಟ್ಟಿಗೆ ಇರುತ್ತದೆ. ಕಪ್ಪು ತಗಡಿನದು, ಹೊಲಿಗೆ ಯಂತ್ರದಷ್ಟು ಎತ್ತರ, ಹಿಂದೆ ಫ್ಯಾನು, ಮುಂದೆ ಒಂದು ಹಸಿರು ದೀಪ. ಎಲ್ಲ ಮನೆಗಳ ಪೆಟ್ಟಿಗೆಗಳನ್ನೂ ಕೇಬಲ್ಲಿನಿಂದ ಒಂದಕ್ಕೊಂದು ಸೇರಿಸಿ ಒಂದೇ ಕ್ಲಸ್ಟರ್ ಮಾಡಿದ್ದಾರೆ. ಅವೆಲ್ಲ ಕೂಡಿ ಹಗಲುರಾತ್ರಿ ಏನೋ ಲೆಕ್ಕ ಮಾಡುತ್ತವೆ. ಯಾರ ಲೆಕ್ಕ, ಎಲ್ಲಿಯ ಲೆಕ್ಕ ಎಂದು ಊರಿನವರು ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಅದರ ಶಾಖ. ಪೆಟ್ಟಿಗೆಯ ಬೆನ್ನಿಗೆ ಒದ್ದೆ ಬಟ್ಟೆ ಹರವುತ್ತಾರೆ, ದೋಸೆ ಹಿಟ್ಟು ಹುಳಿ ಬರಲೆಂದು ಪಾತ್ರೆಯನ್ನು ಅದರ ಮೇಲಿಡುತ್ತಾರೆ, ಬಾಣಂತಿಯನ್ನು ಪಕ್ಕದಲ್ಲೇ ಮಲಗಿಸುತ್ತಾರೆ. ಪೆಟ್ಟಿಗೆಯಿಲ್ಲದ ಮನೆಯಲ್ಲಿ ಚಳಿಗಾಲ ಕಳೆದ ಮುದುಕರನ್ನು ನಾನು ನೋಡಿಲ್ಲ. ಕಳೆಯಲು ಹೊರಟವರ ಮನೆಗೆ ಹೆಗಲು ಕೊಡಲು ಹೋಗಿ ಬಂದಿದ್ದೇನೆ.

ಪೆಟ್ಟಿಗೆಯೊಳಗೆ ಲೆಕ್ಕ ಮಾಡುವ ಭಾಗಕ್ಕೆ ಕೋರು ಎನ್ನುತ್ತೇವೆ. ಒಂದು ಮನೆಯ ಪೆಟ್ಟಿಗೆಯಲ್ಲಿ ಎಷ್ಟು ಕೋರು ಓಡುತ್ತವೆ ಎಂಬುದು ಅದನ್ನು ಮಾಡಿದವರ ಕೈಯಲ್ಲಿಲ್ಲ. ಆ ಮನೆಯನ್ನು ಮನಸ್ಸಿನೊಳಗೆ ತಮ್ಮ ಮನೆ ಅಂದುಕೊಂಡವರು ಎಷ್ಟು ಜನವೋ ಅಷ್ಟು ಕೋರು. ಹೊಸದಾಗಿ ಬಂದ ಸೊಸೆ ತಕ್ಷಣ ಎಣಿಕೆಗೆ ಬರುವುದಿಲ್ಲ, ಅದಕ್ಕೆ ಪೆಟ್ಟಿಗೆಗಳ ಲೆಕ್ಕ ಇಡುವ ಕಚೇರಿಯವರು ಒಂದು ವರ್ಷದ ವಿನಾಯಿತಿ ಕೊಟ್ಟಿದ್ದಾರೆ. ಎಣಿಕೆಗೆ ಬಂದ ದಿನ ಅತ್ತೆ ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚುತ್ತಾಳೆ. ಮೀಸೆ ಚಿಗುರುವ ವಯಸ್ಸಿನ ಹುಡುಗರು ಕೆಲವು ಕಾಲ ಎಣಿಕೆಯಿಂದ ಜಾರಿಹೋಗಿ ಮತ್ತೆ ಬರುತ್ತಾರೆ, ಅದನ್ನೂ ಯಾರೂ ದೊಡ್ಡದು ಮಾಡುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಇದ್ದ ಮನೆಯೊಂದರಲ್ಲಿ ಮೂರು ಬರುತ್ತಿತ್ತು. ನಾಯಿ ಸತ್ತ ತಿಂಗಳು ಎರಡಕ್ಕಿಳಿಯಿತು. ಮಾಂಸದಂಗಡಿಯ ಯಜಮಾನ ಜೈಲಿಗೆ ಹೋದಾಗಲೂ ಅವನ ಕೋರು ಅವನ ಮನೆಯ ಪೆಟ್ಟಿಗೆಯಲ್ಲೇ ಓಡುತ್ತಿತ್ತು. ಜೈಲಿನ ಪೆಟ್ಟಿಗೆ ಯಾವಾಗಲೂ ಸೊನ್ನೆ. ಜೈಲು, ಹಾಸ್ಟೆಲು, ಆಸ್ಪತ್ರೆ, ನಮ್ಮ ಕಚೇರಿ ಇಲ್ಲೆಲ್ಲ ಪೆಟ್ಟಿಗೆಗಳು ಹೆಸರಿಗೆ ಬೆಚ್ಚಗಿರುತ್ತವೆ, ಅಷ್ಟೇ.

ನನ್ನ ಕೆಲಸ ಎಣಿಕೆ. ಪ್ರತಿ ಹುಣ್ಣಿಮೆಯ ಮಾರನೆಯ ದಿನ ಕಚೇರಿಯಲ್ಲಿ ಕೂತು ಊರಿನ ಅಷ್ಟೂ ಪೆಟ್ಟಿಗೆಗಳಿಗೆ ಒಂದೇ ಪ್ರಶ್ನೆ ಕಳಿಸುತ್ತೇನೆ: ನಿನ್ನಲ್ಲಿ ಏನೇನಿದೆ? ಪೆಟ್ಟಿಗೆಗಳು ಒಂದೊಂದಾಗಿ ಉತ್ತರಿಸುತ್ತವೆ. ಹೆಸರು, ಕೋರು, ಮೆಮೊರಿ, ಡಿಸ್ಕು, ಫ್ಯಾನಿನ ವೇಗ, ಮೈಬಿಸಿ, ಒಳಗಿನ ಸಿಸ್ಟಮ್ ಯಾವ ಕಾಲದ್ದು, ಕೊನೆಯ ಸಲ ಯಾವಾಗ ಆರಿ ಹತ್ತಿದ್ದು. ಉತ್ತರ ಬಾರದ ಮನೆಗಳಿಗೆ ಕೇಬಲ್ಲು ಹಿಡಿದುಕೊಂಡು ನಾನೇ ಹೋಗುತ್ತೇನೆ. ಸಾಮಾನ್ಯವಾಗಿ ಇಲಿ ಕಡಿದಿರುತ್ತದೆ, ಇಲ್ಲವೇ ಗಂಡಹೆಂಡಿರ ಜಗಳದಲ್ಲಿ ಯಾರೋ ಪ್ಲಗ್ ಕಿತ್ತಿರುತ್ತಾರೆ. ಬಂದ ಕೋರುಗಳ ಸಂಖ್ಯೆಯನ್ನು ಆ ಮನೆಯಲ್ಲಿ ರಾತ್ರಿ ಮಲಗುವವರ ಸಂಖ್ಯೆಯ ಜೊತೆ ಹೋಲಿಸುತ್ತೇನೆ. ಕೋರು ಹೆಚ್ಚು ಬಂದರೆ ತಕರಾರಿಲ್ಲ. ಕಡಿಮೆ ಬಂದರೆ, ಅದೂ ಸತತ ಮೂರು ಎಣಿಕೆಯಲ್ಲಿ ಕಡಿಮೆ ಬಂದರೆ, ಆ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಸರದಿಯಲ್ಲಿ ಕಾಯುತ್ತಿರುವ ಬೇರೆ ಮನೆಗೆ ಕೊಡುತ್ತಾರೆ. ಜೈಲು, ಹಾಸ್ಟೆಲುಗಳಂಥ ಜಾಗಕ್ಕೆ ಮಾತ್ರ ಈ ನಿಯಮವಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮಲ್ಲಿ ಪೆಟ್ಟಿಗೆಯನ್ನು ಕೇಳಬಹುದು, ಮನುಷ್ಯರನ್ನು ಕೇಳುವಂತಿಲ್ಲ. 'ಇದು ನಿನ್ನ ಮನೆ ಅಂತ ನಿನಗೆ ಅನ್ನಿಸುತ್ತಾ' ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿಲ್ಲ. ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಲ್ಲುವುದು ಅದಕ್ಕಿಂತ ವಾಸಿ.

ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ, ಉಣ್ಣೆ ಕೋಟು ಹೊಲಿಯುತ್ತಿದ್ದವರು. ಆ ಉಣ್ಣೆಯ ನವಿರೆಲ್ಲ ಎದೆಗೆ ಇಳಿದು, ಈಗ ಚಳಿ ಬಿದ್ದರೆ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಾರೆ. ನನ್ನ ಹೆಂಡತಿ ಸರ್ವಮಂಗಳ. ನಾನು. ಮತ್ತೆ ನನ್ನ ತಂಗಿ ನಾಗವೇಣಿ. ಗಂಡನ ಮನೆ ಬೇಡವೆಂದು ಬಂದು ಎರಡು ಚಳಿಗಾಲ ಕಳೆದಿತ್ತು. ಮಂಗಳ ಎಣಿಕೆಗೆ ಬರಲು ಮದುವೆಯಾಗಿ ಹತ್ತು ತಿಂಗಳು ಹಿಡಿದಿತ್ತು. ವೇಣಿಯ ಟ್ರಂಕು ಇನ್ನೂ ಜಗಲಿಯ ಮೇಲಿದ್ದಾಗಲೇ ಪೆಟ್ಟಿಗೆಯಲ್ಲಿ ಮೂರಿದ್ದದ್ದು ನಾಲ್ಕಾಗಿತ್ತು. ಆಗ ಅಪ್ಪ, "ಇವಳು ಹೋಗಿದ್ದೇ ಸುಳ್ಳು ಕಣೋ, ಪೆಟ್ಟಿಗೆಗೆ ಈಗ ಗೊತ್ತಾಗಿದೆ" ಎಂದು ನಕ್ಕಿದ್ದರು. ಇದನ್ನು ನಾನು ಮರೆತೆ. ಎಲ್ಲರ ಮನೆಯ ಹಳೆಯ ಎಣಿಕೆಗಳೂ ನನಗೆ ಬಾಯಿಪಾಠ. ನಮ್ಮದನ್ನೇ ಮರೆತೆ.

ಈ ಸಲ ಚಳಿ ಶುರುವಾದ ಹುಣ್ಣಿಮೆಯ ಮಾರನೆಯ ದಿನ ನಮ್ಮ ಮನೆಯ ಪೆಟ್ಟಿಗೆ ಮೂರು ಎಂದಿತು.

ನಾನು ಮೊದಲು ನಂಬಲಿಲ್ಲ. ಸಂಜೆ ಶಾಲೆಯ ಮೇಷ್ಟರು ಹೇಳುತ್ತಿದ್ದರು, ಉತ್ತರ ವಿಚಿತ್ರವಾಗಿ ಕಂಡರೆ ಮೊದಲು ನೀನು ಕೇಳಿದ್ದನ್ನು ಪರೀಕ್ಷಿಸು ಎಂದು. ಹಿಂದೆ ಕೂಡಿಟ್ಟಿದ್ದ ಉತ್ತರವೇನಾದರೂ ಅಡ್ಡಬಂದಿದೆಯೋ ಎಂದು ಅದನ್ನು ಅಳಿಸಿ ಮತ್ತೆ ಕೇಳಿದೆ. ಮೂರು. ಬೀದಿಯ ಕೇಬಲ್ಲುಗಳನ್ನೆಲ್ಲ ಕೂಡಿಸುವ ಸ್ವಿಚ್ಚು ತಪ್ಪಿ ಪಕ್ಕದ ಮನೆಯದ್ದನ್ನು ಕೊಡುತ್ತಿದೆಯೋ ಎಂದು ಪೆಟ್ಟಿಗೆಯ ಮೈಮೇಲಿನ ಸಂಖ್ಯೆ ಹೋಲಿಸಿದೆ. ನಮ್ಮದೇ. ಮಧ್ಯಾಹ್ನ ಊಟದ ನೆಪ ಮಾಡಿ ಮನೆಗೆ ಹೋಗಿ, ಮುಚ್ಚಳ ತೆಗೆದು, ಧೂಳು ಊದಿ, ಮೆಮೊರಿ ಕಡ್ಡಿಗಳನ್ನು ಕಿತ್ತು ಮತ್ತೆ ಕೂರಿಸಿ, ನೇರವಾಗಿ ಕೇಬಲ್ಲು ಚುಚ್ಚಿ ಕೇಳಿದೆ. ಮೂರು ಓಡುತ್ತಿವೆ, ನಾಲ್ಕನೆಯದು ನಿಂತಿದೆ ಎಂದಿತು. ಮೆಮೊರಿ ಸರಿಯಾಗಿತ್ತು, ಡಿಸ್ಕು ಸರಿಯಾಗಿತ್ತು, ಫ್ಯಾನು ಸರಿಯಾಗಿತ್ತು.

"ಏನು ಇಷ್ಟೊತ್ತಿಗೆ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದೀಯಲ್ಲಣ್ಣ, ಯಾರದಾದ್ರೂ ಹೆರಿಗೆನಾ?" ಎಂದು ವೇಣಿ ಅಡುಗೆಮನೆಯಿಂದ ಕೇಳಿದಳು.

"ಧೂಳು" ಎಂದೆ.

ಕಚೇರಿಯ ಮುಖ್ಯಸ್ಥರು ಮರುಳಸಿದ್ದಪ್ಪನವರು. ಅವರು ಒಳ್ಳೆಯವರು, ಸೋಮಾರಿಗಳು. ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡರು. "ಅಯ್ಯೋ ಇಷ್ಟೇನಾ? ಮೂರು ಇರೋದನ್ನ ನಾಲ್ಕು ಮಾಡಿದ್ರಾಯ್ತು. ನಿಮ್ಮಪ್ಪ ನನಗೆ ಎರಡು ಕೋಟು ಹೊಲಿದುಕೊಟ್ಟಿದ್ದಾರೆ ಕಣಯ್ಯ, ಒಂದು ಕೋರು ಕೊಡಬಾರದಾ ನಾನು?"

"ಬೇಡ ಸಾರ್" ಎಂದೆ. "ಊರಿನವರ ಮನೆಯ ಲೆಕ್ಕವನ್ನ ನಾನು ಯಾವತ್ತೂ ತಿದ್ದಿಲ್ಲ. ನಮ್ಮನೆಯದ್ದು ಅಂತ ಹ್ಯಾಗೆ ತಿದ್ದಲಿ?"

"ನೀನು ಸಂಜೆ ಶಾಲೆಗೆ ಹೋಗಬಾರದಾಗಿತ್ತು" ಎಂದರು ಅವರು.

ಆ ದಿನ ಮನೆಗೆ ಹೋಗುವಾಗ ನನಗೆ ಹೆದರಿಕೆಯ ಜೊತೆಗೆ ಒಂದು ಹೆಮ್ಮೆಯೂ ಇತ್ತು. ಅದನ್ನು ನೆನೆದರೆ ಈಗ ಮುಖ ಬಿಸಿಯಾಗುತ್ತದೆ.

ರಾತ್ರಿ ಊಟವಾದ ಮೇಲೆ ವೇಣಿ ಹಿತ್ತಲಿಗೆ ಪಾತ್ರೆ ತೊಳೆಯಲು ಹೋದಾಗ ಅಪ್ಪನಿಗೂ ಮಂಗಳಳಿಗೂ ಹೇಳಿದೆ. ಅವಳು ಅಲ್ಲಿಲ್ಲದಾಗ ಹೇಳಿದೆ ಎಂಬುದೇ ಎಲ್ಲವನ್ನೂ ಹೇಳಿಬಿಟ್ಟಿತು. ಅಪ್ಪ ಮಫ್ಲರಿನೊಳಗೆ ಗದ್ದ ಇಳಿಸಿಕೊಂಡರು. ಮಂಗಳ ಹಿತ್ತಲ ಬಾಗಿಲಿನ ಕಡೆ ನೋಡಿದಳು. ನಾನೂ ನೋಡಿದೆ. ಯಾರೂ ಹೆಸರು ಹೇಳಲಿಲ್ಲ.

"ಪಾಪ, ಅವಳಿಗೂ ಬೇಜಾರಿರುತ್ತೆ. ನಾವೇ ಸ್ವಲ್ಪ ಚೆನ್ನಾಗಿ ನೋಡಿಕೊಂಡ್ರೆ ಸರಿಹೋಗುತ್ತೆ" ಎಂದಳು ಮಂಗಳ.

ಮಾರನೆಯ ದಿನದಿಂದ ನಾವು ವೇಣಿಯನ್ನು ಚೆನ್ನಾಗಿ ನೋಡಿಕೊಳ್ಳತೊಡಗಿದೆವು. ಊರಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಎಣಿಕೆ ಇಳಿದರೆ, ಯಾರ ಮೇಲೆ ಅನುಮಾನವೋ ಅವರಿಗೆ ಉಪಚಾರ ಶುರು. ಅವಳು ಪಾತ್ರೆಗೆ ಕೈಹಾಕಿದರೆ ಮಂಗಳ "ಬಿಡು ವೇಣಿ, ನೀನು ಕೂತ್ಕೋ" ಎನ್ನುತ್ತಿದ್ದಳು. ಪೆಟ್ಟಿಗೆಗೆ ಹತ್ತಿರದ ಜಾಗವನ್ನು ಅಪ್ಪ ಅವಳಿಗೆ ಬಿಟ್ಟುಕೊಟ್ಟು ಗೋಡೆಯ ಪಕ್ಕ ಕೆಮ್ಮುತ್ತಾ ಮಲಗಿದರು. ನಾನು ಬೇಕರಿಯಿಂದ ಅವಳಿಗೆ ಇಷ್ಟವಾದ ದಿಲ್‌ಪಸಂದ್ ತಂದೆ. ಅವಳು ಒಂದು ಮಾತಾಡಿದರೆ ಮೂವರೂ ಒಟ್ಟಿಗೆ ನಗುತ್ತಿದ್ದೆವು. ಅವಳು ಏಳಲು ಹೊರಟರೆ ಮೂವರೂ "ಏನು ಬೇಕು?" ಎನ್ನುತ್ತಿದ್ದೆವು. ಅವಳಿಗೆ ಹೊಸ ಸ್ಟೀಲು ಲೋಟದಲ್ಲಿ ಕಾಫಿ. ಅದು ನೆಂಟರಿಗೆಂದು ಮೇಲೆತ್ತಿಟ್ಟಿದ್ದ ಲೋಟ ಎಂಬುದು ನನಗೆ ಹೊಳೆಯಲಿಲ್ಲ.

ನಾನು ಅವಳನ್ನು ಗಮನಿಸುತ್ತಿದ್ದೆ. ಕಿಟಕಿಯ ಬಳಿ ನಿಂತರೆ, ಎಲ್ಲಿಗೆ ಹೋಗಬೇಕೆಂದಿದ್ದಾಳೆ ಎಂದು ಯೋಚಿಸುತ್ತಿದ್ದೆ. ಸುಮ್ಮನಿದ್ದರೆ ಸುಮ್ಮನಿದ್ದಾಳೆ ಎಂದು, ಹಾಡಿಕೊಂಡರೆ ಏನನ್ನೋ ಮುಚ್ಚಿಡಲು ಹಾಡುತ್ತಿದ್ದಾಳೆ ಎಂದು. ಒಂದು ಮಧ್ಯಾಹ್ನ ಮನೆಗೆ ಬಂದಾಗ ಅವಳು ತನ್ನ ಟ್ರಂಕನ್ನು ಬಿಚ್ಚಿ ಕೂತಿದ್ದಳು. ಹೊರಡಲೆಂದೇ ಬಿಚ್ಚಿದ್ದಾಳೆ ಎಂದುಕೊಂಡೆ. ಅವಳು ತನ್ನ ಹಳೆಯ ಸೀರೆಯೊಂದನ್ನು ಹರಿಯುತ್ತಿದ್ದಳು.

"ಅದ್ಯಾಕೆ ಹರೀತೀಯ?"

"ಅಡುಗೆಮನೆ ಕಿಟಕಿ ಸಂದಿಯಿಂದ ಗಾಳಿ ಬರುತ್ತಲ್ಲ, ತುರುಕಕ್ಕೆ. ಪ್ರತಿ ವರ್ಷ ತುರುಕ್ತೀನಿ. ನೀನು ಈಗ ನೋಡ್ತಿದೀಯ."

ಎರಡನೆಯ ಎಣಿಕೆ ಬಂತು. ಮೂರು.

ಎರಡು ಸಲ ಕಡಿಮೆ ಬಂದ ಮನೆಗೆ ಪೆಟ್ಟಿಗೆ ಎತ್ತುವವರು ಮೊದಲೇ ಬಂದು ಬಾಗಿಲ ಅಗಲ ಅಳೆದುಕೊಂಡು ಹೋಗುವುದು ವಾಡಿಕೆ. ಅವರು ಬಂದಾಗ ಅಪ್ಪ ಒಬ್ಬರೇ ನಡುಮನೆಯಲ್ಲಿದ್ದರು. ಜೀವಮಾನವೆಲ್ಲ ಬೇರೆಯವರ ತೋಳು ಎದೆ ಅಳೆದವರು, ತಮ್ಮ ಬಾಗಿಲನ್ನು ಇನ್ನೊಬ್ಬರು ಟೇಪು ಹಿಡಿದು ಅಳೆಯುವುದನ್ನು ನೋಡುತ್ತ ಕೂತಿದ್ದರಂತೆ. "ಟೇಪು ಸಡಿಲ ಹಿಡಿದಿದೀಯಪ್ಪ" ಎಂದು ಸರಿಪಡಿಸಿಯೂ ಕಳಿಸಿದರಂತೆ. ಆಮೇಲೆ ಕೆಮ್ಮು ಹಿಡಿದದ್ದು ಸಂಜೆಯಾದರೂ ಬಿಡಲಿಲ್ಲ. ನಾನು ಕಚೇರಿಯಿಂದ ಬಂದಾಗ ವೇಣಿ ಅವರ ಬೆನ್ನನ್ನು ಪೆಟ್ಟಿಗೆಗೆ ಆನಿಸಿ ಎದೆ ನೀವುತ್ತಿದ್ದಳು. ಮಂಗಳ ಬಿಸಿನೀರು ಹಿಡಿದು ನಿಂತಿದ್ದಳು.

"ತಡ ಆಯ್ತಲ್ಲ? ಬೇಕರಿ ಕಲ್ಲಿನ ಮೇಲೆ ಕೂತಿದ್ರಾ?" ಎಂದಳು ಮಂಗಳ. ಹೌದು, ಕೂತಿದ್ದೆ. ಕಚೇರಿ ಬಿಟ್ಟ ಮೇಲೆ ಬೇಕರಿಯ ಮುಂದಿನ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುವುದು ನನಗೆ ಎಷ್ಟೋ ತಿಂಗಳಿಂದ ಅಭ್ಯಾಸ. ಯಾಕೆ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಅಪ್ಪ ಮಲಗಿದ ಮೇಲೆ ವೇಣಿ ನನ್ನನ್ನು ಜಗಲಿಗೆ ಕರೆದಳು. ಶಾಲು ಹೊದ್ದುಕೊಂಡಿದ್ದಳು.

"ಅಣ್ಣ, ನನ್ನನ್ನ ಯಾಕೆ ನೆಂಟರ ಹಾಗೆ ನೋಡ್ತಿದೀರಿ?"

"ನೆಂಟರ ಹಾಗೆಲ್ಲಿ... ನಿನ್ನನ್ನ ಚೆನ್ನಾಗಿ ನೋಡಿಕೋಬೇಕು ಅಂತ..."

"ಒಂದೂವರೆ ತಿಂಗಳಿಂದ ಒಂದು ಪಾತ್ರೆ ತೊಳೆಯಕ್ಕೆ ಬಿಟ್ಟಿಲ್ಲ ನೀವು. ನಿನ್ನೆ ಹಪ್ಪಳ ಎಲ್ಲರಿಗೂ ಒಂದೊಂದು, ನನಗೆ ಎರಡು. ಬಾಗಿಲು ಅಳೆಯಕ್ಕೆ ಬಂದೋರನ್ನ ನೋಡಿದ ಮೇಲೆ ಗೊತ್ತಾಯ್ತು ನನಗೆ. ಎಷ್ಟು ಬರ್ತಿದೆ?"

"ಮೂರು."

ಅವಳು ಶಾಲನ್ನು ಬಿಗಿಯಾಗಿ ಸುತ್ತಿಕೊಂಡಳು. ಆಮೇಲೆ, "ಸರಿ" ಎಂದಳು. ಅಷ್ಟೇ. ನಾನು ಏನಾದರೂ ಹೇಳಬೇಕಿತ್ತು. ಚಳಿ ಜಾಸ್ತಿ ಇದೆ, ಒಳಗೆ ಬಾ ಎಂದೆ.

ಎರಡು ದಿನ ಬಿಟ್ಟು ವೇಣಿ ಮೇಲಿನ ಬೀದಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋದಳು. ಅಲ್ಲಿ ಅಡುಗೆಗೆ ಜನ ಬೇಕಂತೆ, ಉಳಿಯಲು ಜಾಗವೂ ಕೊಡುತ್ತಾರಂತೆ ಎಂದಳು. ಮಂಗಳ ಅತ್ತಳು. ಅಪ್ಪ, "ಚಳಿ ಹೋಗ್ಲಿ ಆಮೇಲೆ ಹೋಗೇ" ಎಂದರು. ವೇಣಿ ನಕ್ಕು, "ಚಳಿ ಇದೆ ಅಂತಾನೇ ಹೋಗ್ತಿರೋದು ಅಪ್ಪ, ಅಲ್ಲಿ ದಿನಾ ದೊಡ್ಡ ಒಲೆ" ಎಂದಳು. ಟ್ರಂಕನ್ನು ನಾನೇ ಹೊತ್ತೆ. ಹಾಸ್ಟೆಲಿನ ಮೆಟ್ಟಿಲ ತನಕ ಇಬ್ಬರೂ ಹಾದಿಯಲ್ಲಿ ಸಿಕ್ಕ ನಾಯಿಗಳ ಬಗ್ಗೆ ಮಾತಾಡಿದೆವು. ಕಚೇರಿಯಲ್ಲಿ ನಮ್ಮ ಮನೆಯಲ್ಲಿ ಮಲಗುವವರ ಪಟ್ಟಿಯಿಂದ ಅವಳ ಹೆಸರು ತೆಗೆದದ್ದೂ ನಾನೇ, ನನ್ನ ಕೆಲಸ ತಾನೆ.

ಮೂರನೆಯ ಎಣಿಕೆ. ಪೆಟ್ಟಿಗೆ ಮೂರು ಎಂದಿತು. ಮನೆಯಲ್ಲಿ ಮೂವರು. ಲೆಕ್ಕ ಸರಿಹೋಯಿತು.

ಮಂಗಳ ಶಾವಿಗೆ ಪಾಯಸ ಮಾಡಿದಳು. ಅವಳದೇನೂ ತಪ್ಪಿಲ್ಲ, ಪೆಟ್ಟಿಗೆ ಉಳಿದ ಮನೆಯಲ್ಲಿ ಪಾಯಸ ಮಾಡುತ್ತಾರೆ. ಅಪ್ಪ ಮತ್ತೆ ಪೆಟ್ಟಿಗೆಯ ಪಕ್ಕ ಹಾಸಿಗೆ ಹಾಸಿಕೊಂಡರು. ನಾನು ಪಾಯಸ ಎರಡನೆಯ ಸಲ ಹಾಕಿಸಿಕೊಂಡೆ. ನೋಡಿ, ಅವಳಿಂದಲೇ ಆಗಿತ್ತು, ನಾವು ಅಂದುಕೊಂಡದ್ದು ತಪ್ಪಾಗಿರಲಿಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಅಡುಗೆಮನೆಯ ಕಿಟಕಿಯಿಂದ ಗಾಳಿ ಬರುತ್ತಿತ್ತು.

ಅದೇ ಎಣಿಕೆಯಲ್ಲಿ ಹಾಸ್ಟೆಲಿನ ಪೆಟ್ಟಿಗೆ ಉತ್ತರ ಕೊಟ್ಟಿರಲಿಲ್ಲ. ಬೇರೆಯವರನ್ನು ಕಳಿಸಲು ನಮ್ಮ ಕಚೇರಿಯಲ್ಲಿ ಬೇರೆಯವರಿಲ್ಲ. ಒಂದು ವಾರ ತಳ್ಳಿ, ಕೊನೆಗೆ ಕೇಬಲ್ಲು ಹಿಡಿದು ಹೋದೆ. ಹಾಸ್ಟೆಲು ನೋಡಿಕೊಳ್ಳುವ ಮಂಜಕ್ಕ ಬಾಗಿಲಲ್ಲೇ ಸಿಕ್ಕರು.

"ಓ, ಎಣಿಸೋರು ಬಂದ್ರು. ನಮ್ಮದರಲ್ಲಿ ಎಣಿಸಕ್ಕೆ ಏನಿದೆ ಬಿಡಪ್ಪ. ಇಲ್ಲಿ ಹುಡುಗೀರು ಅಳ್ತಾ ಬರ್ತಾರೆ, ನಗ್ತಾ ಹೋಗ್ತಾರೆ. ಇದನ್ನ ಮನೆ ಅಂದ್ಕೊಂಡಿರೋಳು ನಾನೊಬ್ಬಳೇ."

ಇಲಿಯೇ ಕಡಿದಿತ್ತು. ಹೊಸ ಕೇಬಲ್ಲು ಹಾಕಿ ಕೇಳಿದೆ. ಒಂದು ಎಂದಿತು. ವೇಣಿ ಬರುವ ಮೊದಲೂ ಅಲ್ಲಿ ಒಂದೇ ಇತ್ತು. ನಾನು ಆ ಅಂಕಿಯನ್ನು ನೋಡುತ್ತ ಮೊಣಕಾಲೂರಿ ಕೂತಿದ್ದಾಗ ಬೆನ್ನ ಹಿಂದೆ ಬೆಳ್ಳುಳ್ಳಿಯ ವಾಸನೆ ಬಂತು.

"ಅಣ್ಣ! ಬಂದೋನು ಒಳಗೆ ಬರಬಾರದಾ?" ವೇಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಸ್ವಲ್ಪ ಸೊರಗಿದ್ದಳು, ಕೈಯೆಲ್ಲ ಚಳಿಗೆ ಬಿರಿದಿತ್ತು. "ಅಪ್ಪ ಹೇಗಿದಾರೆ? ಕಿಟಕಿಗೆ ಬಟ್ಟೆ ತುರುಕಿದ್ರಾ?"

"ಇಲ್ಲ."

"ಅಯ್ಯೋ, ಹರಿದಿಟ್ಟು ಬಂದಿದೀನಲ್ಲ, ಸಾಸಿವೆ ಡಬ್ಬದ ಹಿಂದೆ! ಎಡಗಡೆ ಸಂದಿಗೆ ಎರಡು ಮಡಿಕೆ, ಬಲಗಡೆಗೆ ಒಂದು. ಅತ್ತಿಗೆಗೆ ಎಟುಕಲ್ಲ, ನೀನೇ ಮಾಡು. ಅಪ್ಪ ರಾತ್ರಿ ನೀರು ಕುಡಿಯಕ್ಕೆ ಅಡುಗೆಮನೆಗೆ ಬರ್ತಾರೆ, ಆ ಗಾಳಿ ಸೀದಾ ಎದೆಗೆ ಹೊಡೆಯುತ್ತೆ. ಪೆಟ್ಟಿಗೆ ಇದ್ರೂ ಏನು ಬಂತು?"

ಆಗ ನನಗೆ ಗೊತ್ತಾಯಿತು. ಪೆಟ್ಟಿಗೆಗಳನ್ನು ಕೇಳುವುದು ಬಿಟ್ಟರೆ ಬೇರೇನೂ ಕಲಿಯದವನಿಗೂ ಅಷ್ಟು ಗೊತ್ತಾಗುತ್ತದೆ. ಇವಳು ಇಲ್ಲಿ ಎಣಿಕೆಗೆ ಬಂದಿಲ್ಲ. ಇವಳು ಇನ್ನೂ ನಮ್ಮ ಮನೆಯ ಪೆಟ್ಟಿಗೆಯಲ್ಲೇ ಓಡುತ್ತಿದ್ದಾಳೆ. ಹಾಗಾದರೆ ಅಲ್ಲಿರುವ ಮೂರರಲ್ಲಿ ಒಂದು ಇವಳದು. ಹಾಗಾದರೆ ಪಾಯಸ ಉಂಡ ನಮ್ಮ ಮೂವರಲ್ಲಿ ಒಬ್ಬರದು ಅಲ್ಲಿಲ್ಲ.

"ವೇಣಿ, ಮನೆಗೆ ಬಾ" ಎಂದೆ.

"ಬಂದ್ರೆ ನಾಲ್ಕು ಜನ ಆಗ್ತೀವಿ. ಪೆಟ್ಟಿಗೆ ಮೂರೇ ಅನ್ನುತ್ತೆ. ಎತ್ತಿಕೊಂಡು ಹೋಗ್ತಾರೆ."

"ನಿನಗೆ ಗೊತ್ತಿತ್ತಾ? ನಿನ್ನದಲ್ಲ ಅಂತ?"

"ನನ್ನದು ನನಗೆ ಗೊತ್ತಿರಲ್ವಾ?" ಅವಳಿಗೆ ನಗು ಬಂತು. "ನಾಲ್ಕು ಜನದಲ್ಲಿ ಯಾರು ಎದ್ದು ಹೋದ್ರೂ ಮನೇಲಿ ಉಳಿಯೋದು ಮೂರು ತಾನೆ? ಯಾರದು ಇಲ್ಲ ಅಂತ ಹುಡುಕೋ ಅವಶ್ಯಕತೆನೇ ಇರಲಿಲ್ಲ. ಯಾರಾದ್ರೂ ಒಬ್ಬರು ಹೋದ್ರೆ ಸಾಕಿತ್ತು. ಅಪ್ಪ ಹೋಗಕ್ಕಾಗಲ್ಲ. ಅತ್ತಿಗೆ ಹೋದ್ರೆ ಬೀದಿಯವರು ಬಾಯಿಗೆ ಬಂದಹಾಗೆ ಆಡ್ತಾರೆ. ನೀನು..." ಎಂದು ನಿಲ್ಲಿಸಿದಳು.

"ನಾನು?"

"ನೀನು ಯೋಚನೆ ಮಾಡ್ತಾ ಇದ್ದೆ."

ಅವಳು ಇದನ್ನು ಚುಚ್ಚಲೆಂದು ಹೇಳಲಿಲ್ಲ. ಚಿಕ್ಕಂದಿನಲ್ಲಿ ನಾನು ಊಟಕ್ಕೆ ಬರುವುದು ತಡವಾದರೆ ಅಮ್ಮನಿಗೆ ಅವಳು ಇದೇ ದನಿಯಲ್ಲಿ ಹೇಳುತ್ತಿದ್ದಳು, ಅಣ್ಣ ಯೋಚನೆ ಮಾಡ್ತಾ ಇದಾನೆ ಎಂದು. ಒಳಗಿಂದ ಮಂಜಕ್ಕ ಸಾರು ಉಕ್ಕುತ್ತಿದೆ ಎಂದು ಕೂಗಿದರು. ವೇಣಿ ಓಡಿದಳು.

ಆ ಸಂಜೆ ನಾನು ಬೇಕರಿಯ ಕಲ್ಲಿನ ಮೇಲೆ ಬಹಳ ಹೊತ್ತು ಕೂತೆ. ಇಷ್ಟು ಸುಲಭದ ಲೆಕ್ಕ. ನಾಲ್ಕರಲ್ಲಿ ಒಂದನ್ನು ಕಳೆದರೆ ಮೂರು. ಊರಿಗೆಲ್ಲ ಎಣಿಸಿಕೊಡುವವನಿಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯದಂತೆ ನೋಡಿಕೊಂಡೆನೋ. ಒಂದು ಅಂಕಿಯನ್ನು ತಿದ್ದಲು ಒಪ್ಪದವನು ನಾನು. ಒಬ್ಬ ಹೆಣ್ಣುಮಗಳನ್ನು ಟ್ರಂಕಿನ ಸಮೇತ ಮನೆಯಿಂದ ಹೊರಗೆ ದಾಟಿಸಿ, ಲೆಕ್ಕ ಸರಿಯಾಯಿತು ಎಂದು ಪಾಯಸ ಉಂಡಿದ್ದೆ. ಮರುಳಸಿದ್ದಪ್ಪನವರು ಅಂದು ಹೇಳಿದಂತೆ ಮೂರನ್ನು ನಾಲ್ಕು ಮಾಡಿಬಿಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು, ನಿಜ. ಆ ಸುಳ್ಳಿನಲ್ಲಿ ವೇಣಿಯ ಕೈ ಬಿರಿಯುತ್ತಿರಲಿಲ್ಲ. ಹಾಗೆಂದು ಅದನ್ನು ಮಾಡಬೇಕಿತ್ತೇ ಎಂದರೆ ಈಗಲೂ ನನ್ನಿಂದ ಹೌದೆನ್ನಲಾಗದು. ನನಗೆ ಬೇರೆ ಒಂದು ದಾರಿಯೂ ಇತ್ತು, ಅದರಲ್ಲಿ ಸುಳ್ಳಿರಲಿಲ್ಲ, ಚಳಿ ಮಾತ್ರ ಇತ್ತು.

ಮನೆಗೆ ಹೋಗಿ ಮೊದಲು ಸಾಸಿವೆ ಡಬ್ಬದ ಹಿಂದಿನ ಬಟ್ಟೆ ತೆಗೆದು ಕಿಟಕಿಗೆ ತುರುಕಿದೆ. ಎಡಗಡೆಗೆ ಎರಡು ಮಡಿಕೆ, ಬಲಗಡೆಗೆ ಒಂದು. ಆಮೇಲೆ ನನ್ನ ಚಾಪೆ ಸುತ್ತಿದೆ.

"ಎಲ್ಲಿಗೆ?" ಎಂದಳು ಮಂಗಳ.

"ಕಚೇರಿಯ ಹಿಂದಿನ ಕೋಣೆಗೆ. ಚಳಿ ಮುಗಿಯೋ ತನಕ. ವೇಣಿ ನಾಳೆ ಬರ್ತಾಳೆ." ಹಾಸ್ಟೆಲಿನ ಪೆಟ್ಟಿಗೆಯ ವಿಷಯ ಹೇಳಿದೆ. ಮೂರರ ಲೆಕ್ಕ ಹೇಳಿದೆ. ಹೇಳುತ್ತಾ ಹೋದಂತೆ ನಡುಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡದಂತಾಯಿತು. ನಾವು ಮೂವರೇ ಉಳಿದಿದ್ದೆವು, ಎಣಿಕೆಯಲ್ಲಿ ಇಲ್ಲದವರು ನಮ್ಮಲ್ಲೇ ಒಬ್ಬರು.

ಅಪ್ಪ ಮೆಲ್ಲಗೆ, "ಅವಳನ್ನ ಕಳಿಸಿದ್ದಾಯ್ತು, ಈಗ ನೀನಾ? ಮುಂದಿನ ತಿಂಗಳು ನನ್ನ ಸರದಿಯೇನೋ?" ಎಂದರು. ಸ್ವಲ್ಪ ಬಿಟ್ಟು, "ನನ್ನದೇ ಇರಬಹುದು ಕಣೋ. ಅಂಗಡಿ ಮುಚ್ಚಿದ ಮೇಲೆ ನನಗೆ ಎಲ್ಲೂ ಸರಿಯಾಗಿ ಕೂರಕ್ಕಾಗಿಲ್ಲ" ಎಂದರು.

ಮಂಗಳ ಏನನ್ನೂ ಒಪ್ಪಿಕೊಳ್ಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಒಳಗಿಂದ ದಪ್ಪ ಕಂಬಳಿ ತಂದು ನನ್ನ ಹೆಗಲಿಗೆ ಹಾಕಿದಳು. "ಬೇಕರಿ ಕಲ್ಲು ಅಲ್ಲಿಂದ ಹತ್ತಿರವಾಯ್ತು ಬಿಡಿ" ಎಂದಳು. ತಮಾಷೆಗೋ, ಸಿಟ್ಟಿಗೋ, ನಾನು ತಿರುಗಿ ನೋಡುವ ಹೊತ್ತಿಗೆ ಅವಳು ಅಡುಗೆಮನೆಗೆ ಹೋಗಿದ್ದಳು.

ಮರುಳಸಿದ್ದಪ್ಪನವರು ಬೆಳಿಗ್ಗೆ ಬಂದು ಕೋಣೆಯಲ್ಲಿ ನನ್ನನ್ನು ಕಂಡು ತಲೆ ಚಚ್ಚಿಕೊಂಡರು. "ಪುಕ್ಕಟೆ ಒಂದು ಕೋರು ಕೊಡ್ತೀನಿ ಅಂದ್ರೆ ಬೇಡ ಅಂದೆ. ಈಗ ಚಾಪೆ ಹೊತ್ಕೊಂಡು ಬಂದಿದೀಯ. ಪ್ರಾಮಾಣಿಕರ ಜೊತೆ ಕೆಲಸ ಮಾಡೋದು ಬಲು ಕಷ್ಟ ಕಣಯ್ಯ." ಆದರೂ ತಮ್ಮ ಮೇಜಿನ ಕೆಳಗಿದ್ದ ಕಾಲೊರಸನ್ನು ತಂದು ನನ್ನ ಬಾಗಿಲ ಸಂದಿಗೆ ಇಟ್ಟರು.

ವೇಣಿ ಒಪ್ಪಲು ಒಂದಿಡೀ ದಿನ ಜಗಳವಾಡಿದಳು. ಹಾಸ್ಟೆಲಿನ ಹುಡುಗಿಯರೆಲ್ಲ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದರು. "ನಿನಗೆ ಅನ್ನಕ್ಕೆ ನೀರೆಷ್ಟು ಇಡಬೇಕು ಅಂತಾನೂ ಗೊತ್ತಿಲ್ಲ, ಒಬ್ಬನೇ ಇರ್ತೀನಿ ಅಂತೀಯ" ಎಂದು ಬೈದಳು. ಕೊನೆಗೆ ಮಂಜಕ್ಕನೇ, "ಹೋಗೇ, ನಿಮ್ಮಣ್ಣ ಒಂದು ಸಲ ಯೋಚನೆ ಮುಗಿಸಿ ಬಂದಿದಾನೆ" ಎಂದು ಅವಳ ಟ್ರಂಕನ್ನು ಹೊರಗಿಟ್ಟರು. ಅದನ್ನು ಮತ್ತೆ ನಾನೇ ಹೊತ್ತೆ. ಈ ಸಲ ನಾಯಿಗಳ ಬಗ್ಗೆ ಮಾತಾಡಲಿಲ್ಲ. ಕ್ಷಮಿಸು ಎಂದೆ. ಅವಳು, "ಟ್ರಂಕು ಓರೆಯಾಗಿ ಹಿಡಿದಿದೀಯ, ಬಳೆ ಒಡೆಯುತ್ತೆ" ಎಂದಳು.

ಈಗ ಅವಳು ದಿನಾ ಮಧ್ಯಾಹ್ನ ಬುತ್ತಿ ತರುತ್ತಾಳೆ. ಕೆಲವು ದಿನ ಮಂಗಳ ಬರುತ್ತಾಳೆ, ಬಂದರೆ ಸ್ವಲ್ಪ ಹೊತ್ತು ಕೂತು ಹೋಗುತ್ತಾಳೆ, ಮನೆಯಲ್ಲಿ ಒಟ್ಟಿಗಿದ್ದಾಗ ಅಷ್ಟು ಹೊತ್ತು ನಾವು ಕೂತು ಮಾತಾಡಿದ್ದು ನೆನಪಿಲ್ಲ. ಬೇಕರಿಯ ಕಲ್ಲಿನ ಮೇಲೆ ನಾನು ಈಗ ಕೂರುವುದಿಲ್ಲ. ಕೂರಬೇಕೆಂದು ಅನ್ನಿಸುವುದೂ ಇಲ್ಲ. ಕಚೇರಿ ಬಿಟ್ಟ ಮೇಲೆ ಕಾಲು ತಾನಾಗಿ ನಮ್ಮ ಬೀದಿಯ ಕಡೆ ತಿರುಗುತ್ತದೆ. ಜಗಲಿಯ ತನಕ ಹೋಗಿ, ಅಪ್ಪನ ಕೆಮ್ಮು ಎಷ್ಟಿದೆ ಎಂದು ಹೊರಗಿನಿಂದಲೇ ಕೇಳಿಸಿಕೊಂಡು ಬರುತ್ತೇನೆ. ಕಡಿಮೆಯಾಗಿದೆ.

ನಿನ್ನೆ ಹುಣ್ಣಿಮೆಯ ಮಾರನೆಯ ದಿನ. ಎಂದಿನಂತೆ ಊರಿಗೆಲ್ಲ ಪ್ರಶ್ನೆ ಕಳಿಸಿದೆ. ನಮ್ಮ ಮನೆಯಲ್ಲಿ ಮಲಗುವವರು ಮೂವರು, ಪೆಟ್ಟಿಗೆ ಹೇಳಿದ್ದು ಮೂರು. ಯಾರು ಒಳಗಿದ್ದರೂ ಯಾರು ಹೊರಗಿದ್ದರೂ ಅದು ಅಷ್ಟನ್ನೇ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಆಮೇಲೆ ನಾನು ಮಲಗುವ ಈ ಕಚೇರಿಯ ಪೆಟ್ಟಿಗೆಯನ್ನು ಕೇಳಿದೆ. ಅದು ಸೊನ್ನೆ ಎಂದಿತು. ಮೆಮೊರಿ ಸರಿಯಾಗಿದೆ, ಡಿಸ್ಕು ಸರಿಯಾಗಿದೆ, ಫ್ಯಾನು ಸರಿಯಾಗಿದೆ. ಇಲ್ಲಿ ನಾನಿಲ್ಲ ಎಂಬುದಂತೂ ಖಚಿತವಾಯಿತು. ಅಲ್ಲಿರುವ ಮೂರರಲ್ಲಿ ನಾನಿದ್ದೇನೆಯೇ, ಅದು ನನಗೆ ಗೊತ್ತಿಲ್ಲ.